ಒಟ್ಟಾವಾದ ಕೌಂಟರಿನಲ್ಲಿ ಯಾವ ಫ್ರೆಂಚ್?

ನಮ್ಮ ಹಾಸ್ಟೆಲ್ಲಿನಲ್ಲಿ ಈಗ ಫ್ರೆಂಚ್ ಕಲಿಯುವವರ ಸಂಖ್ಯೆ ಜಾಸ್ತಿ ಆಗಿದೆ. ಪ್ಯಾರಿಸ್ ಮೇಲಿನ ಪ್ರೀತಿಯಿಂದ ಅಂತ ಅಂದುಕೊಳ್ಳಬೇಡಿ, ಎಲ್ಲರ ಕಣ್ಣು ಇರೋದು ಕೆನಡಾ ಮೇಲೆ. "ಫ್ರೆಂಚ್ ಬಂದ್ರೆ ಪಿಆರ್‌ಗೆ ಪಾಯಿಂಟ್ಸ್ ಸಿಗುತ್ತೆ, ಆಮೇಲೆ ಅಲ್ಲಿನ ಗೌರ್ನಮೆಂಟ್ ಕೆಲಸಕ್ಕೂ ಅಪ್ಲೈ ಮಾಡಬಹುದು" ಅನ್ನೋ ಲೆಕ್ಕಾಚಾರ ಮೆಸ್ಸಿನಲ್ಲಿ ದಿನಾ ಕೇಳಿಸುತ್ತೆ. ಲೆಕ್ಕ ತಪ್ಪೇನಲ್ಲ. ಆದರೆ ಅದರಲ್ಲಿರುವ ಎರಡು ಪದಗಳನ್ನು ಯಾರೂ ಬಿಡಿಸಿ ನೋಡಿದಂತಿಲ್ಲ. ಒಂದು 'ಫ್ರೆಂಚ್', ಇನ್ನೊಂದು 'ದ್ವಿಭಾಷಿ'.

ಕೆನಡಾದಲ್ಲಿ ಊರು ಬದಲಾದರೆ ಫ್ರೆಂಚೂ ಬದಲಾಗುತ್ತೆ. ಪ್ಯಾರಿಸ್‌ನಿಂದ ಬಂದವರೇ ಕೆಲವು ಕಡೆ ತಲೆ ಕೆರೆದುಕೊಳ್ಳುತ್ತಾರೆ. ಹಾಗಿರುವಾಗ ಸರ್ಕಾರ "ಈ ಹುದ್ದೆಗೆ ಫ್ರೆಂಚ್ ಬೇಕು" ಅಂದರೆ ಯಾವ ಫ್ರೆಂಚ್? ಎಷ್ಟು ಫ್ರೆಂಚ್? ಅದು ಬೇಕಾಗಿರೋದು ಯಾರಿಗೋಸ್ಕರ? ಭಾಷೆ ಮತ್ತು ಸರ್ಕಾರಿ ಕಚೇರಿ ಎದುರುಬದುರಾದಾಗ ಏನಾಗುತ್ತೆ ಅನ್ನೋದು ಕನ್ನಡ ಸಂಘದವರಾದ ನಮಗೆ ಹೇಗೂ ಕುತೂಹಲದ ವಿಷಯ. ಈ ಸಲ ಅದನ್ನೇ ಬಿಡಿಸಿ ನೋಡೋಣ.

ಕಾನೂನು ಯಾಕೆ ಬಂತು

2021ರ ಜನಗಣತಿ ಹೊತ್ತಿಗೆ ಕೆನಡಾದ ಜನಸಂಖ್ಯೆ ಸುಮಾರು 3.7 ಕೋಟಿ. ಸರಿಸುಮಾರು ಐವರಲ್ಲಿ ಒಬ್ಬರು ಫ್ರೆಂಚ್ ಮಾತಿನವರು. ಅವರಲ್ಲಿ ಬಹುಪಾಲು ಜನ ಕ್ವಿಬೆಕ್ ಪ್ರಾಂತ್ಯದಲ್ಲಿದ್ದಾರೆ. ಉಳಿದವರು ನ್ಯೂ ಬ್ರನ್ಸ್‌ವಿಕ್, ಒಂಟಾರಿಯೊ, ಮ್ಯಾನಿಟೋಬಾ ಮುಂತಾದ ಕಡೆ ಹರಡಿಕೊಂಡಿದ್ದಾರೆ. ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಮಾತಾಡಬಲ್ಲವರು ಇಡೀ ದೇಶದಲ್ಲಿ 18%. ಈ ಅಂಕಿಯನ್ನು ಒಡೆದು ನೋಡಿದರೆ ಕಥೆ ಗೊತ್ತಾಗುತ್ತೆ. ಕ್ವಿಬೆಕ್‌ನೊಳಗೆ 46.4%, ಕ್ವಿಬೆಕ್‌ನಿಂದ ಹೊರಗೆ 9.5%. ಅಂದರೆ ಕಾಗದದ ಮೇಲೆ ದೇಶಕ್ಕೆ ಎರಡು ಭಾಷೆ ಇದ್ದರೂ ಎರಡನೇ ಭಾಷೆ ಕಲಿಯುವ ಹೊರೆ ಹೊತ್ತಿರುವವರು ಹೆಚ್ಚಾಗಿ ಫ್ರೆಂಚ್ ಸೀಮೆಯವರು.

1960ರ ದಶಕದವರೆಗೆ ಈ ಹೊರೆ ಇನ್ನೂ ಒಮ್ಮುಖವಾಗಿತ್ತು. ಕೇಂದ್ರ ಸರ್ಕಾರದ ಕೆಲಸ ನಡೆಯುತ್ತಿದ್ದದ್ದು ಮುಖ್ಯವಾಗಿ ಇಂಗ್ಲಿಷಿನಲ್ಲಿ. ಫ್ರೆಂಚ್ ಮನೆಮಾತಿನವರು ನೌಕರಿಗೆ ಸೇರಿದರೆ ಕಚೇರಿಯೊಳಗೆ ತಮ್ಮ ಭಾಷೆಯನ್ನು ಬಾಗಿಲಲ್ಲೇ ಬಿಟ್ಟು ಬರಬೇಕಿತ್ತು. ಇದರ ಬಗ್ಗೆ ಅಸಮಾಧಾನ ಬೆಳೆದು 1963ರಲ್ಲಿ ಸರ್ಕಾರ ಒಂದು ದೊಡ್ಡ ಆಯೋಗ ನೇಮಿಸಿತು. ಅದರ ಅಧ್ಯಕ್ಷರಿಬ್ಬರ ಹೆಸರಿನಿಂದ ಅದನ್ನು ಲೋರಾಂದೋ–ಡಂಟನ್ ಆಯೋಗ ಅಂತ ಕರೀತಾರೆ. ಅದರ ಶಿಫಾರಸಿನ ಬೆನ್ನಿಗೆ, ಪಿಯರ್ ಟ್ರುಡೊ ಪ್ರಧಾನಿಯಾಗಿದ್ದಾಗ, 1969ರಲ್ಲಿ ಅಧಿಕೃತ ಭಾಷಾ ಕಾಯ್ದೆ ಬಂತು.

ಇದು ಬರೀ ಒಟ್ಟಾವಾದ ದೊಡ್ಡವರ ಕೆಲಸ ಅಂತ ತಿಳಿಯಬಾರದು. ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದಲ್ಲಿ ಮಾಂಕ್ಟನ್ ಅಂತ ಒಂದು ಊರಿದೆ. ಅಲ್ಲಿನ ಜನರಲ್ಲಿ ಸುಮಾರು ಮೂರನೇ ಒಂದು ಭಾಗ ಫ್ರೆಂಚ್ ಮಾತಿನವರು. 1963ರಲ್ಲಿ ಅಲ್ಲಿ ಒಂದು ಫ್ರೆಂಚ್ ವಿಶ್ವವಿದ್ಯಾಲಯ ಶುರುವಾಯಿತು. 1968ರಲ್ಲಿ ಆ ವಿಶ್ವವಿದ್ಯಾಲಯದ ಹುಡುಗರು ಹುಡುಗಿಯರು ಮೆರವಣಿಗೆ ಹೊರಟು ನಗರಸಭೆಗೆ ಹೋಗಿ, ನಮ್ಮ ಊರಿನ ಕಚೇರಿಯಲ್ಲಿ ನಮ್ಮ ಭಾಷೆಯಲ್ಲೂ ಸೇವೆ ಕೊಡಿ ಅಂತ ಕೇಳಿದರು. ಮೇಯರ್ ಲಿಯೊನಾರ್ಡ್ ಜೋನ್ಸ್ ಸೊಪ್ಪು ಹಾಕಲಿಲ್ಲ. ಆ ಹೋರಾಟವನ್ನು ಕ್ಯಾಮೆರಾದಲ್ಲಿ ಹಿಡಿದ ಸಾಕ್ಷ್ಯಚಿತ್ರ 'ಲಾಕಾದಿ, ಲಾಕಾದಿ' 1971ರಲ್ಲಿ ಬಂತು. ಆ ಹುಡುಗರಿಗೆ ನಮ್ಮದೇ ವಯಸ್ಸು. ಮೆರವಣಿಗೆಯ ಮರುವರ್ಷವೇ ನ್ಯೂ ಬ್ರನ್ಸ್‌ವಿಕ್ ತನ್ನದೇ ಭಾಷಾ ಕಾಯ್ದೆ ತಂದಿತು. ಇವತ್ತಿಗೂ ಕೆನಡಾದಲ್ಲಿ ಅಧಿಕೃತವಾಗಿ ದ್ವಿಭಾಷಿ ಆಗಿರುವ ಪ್ರಾಂತ್ಯ ಅದೊಂದೇ. ಮಾಂಕ್ಟನ್ ನಗರ ಮಾತ್ರ ತಾನು ದ್ವಿಭಾಷಿ ಅಂತ ಘೋಷಿಸಿಕೊಂಡದ್ದು 2002ರಲ್ಲಿ, ಅಂದರೆ ಆ ವಿದ್ಯಾರ್ಥಿಗಳಿಗೆ ಐವತ್ತು ದಾಟಿದ ಮೇಲೆ.

1982ರಲ್ಲಿ ಈ ಹಕ್ಕು ಸಂವಿಧಾನದೊಳಗೆ ಸೇರಿತು. ಹಕ್ಕುಗಳ ಸನ್ನದಿನ 20ನೇ ಕಲಮಿನ ತಿರುಳು ಇಷ್ಟು: ಕೇಂದ್ರ ಸರ್ಕಾರದ ಮುಖ್ಯ ಕಚೇರಿಗಳಲ್ಲಿ, ಮತ್ತು ಸಾಕಷ್ಟು ಬೇಡಿಕೆ ಇರುವ ಉಳಿದ ಕಚೇರಿಗಳಲ್ಲಿ, ಪ್ರಜೆ ಇಂಗ್ಲಿಷ್ ಅಥವಾ ಫ್ರೆಂಚಿನಲ್ಲಿ ವ್ಯವಹರಿಸಬಹುದು, ಉತ್ತರವೂ ಅದೇ ಭಾಷೆಯಲ್ಲಿ ಸಿಗಬೇಕು. ಆದ್ದರಿಂದಲೇ ಅಂಥ ಕಚೇರಿಗೆ ಹೋದರೆ ಸಿಬ್ಬಂದಿ "ಹಲೋ, ಬೊಂಜೂರ್" ಅಂತ ಎರಡೂ ಭಾಷೆಯಲ್ಲಿ ಸ್ವಾಗತಿಸುತ್ತಾರೆ. ಯಾವ ಭಾಷೆಯಲ್ಲಿ ಮುಂದುವರಿಯಬೇಕು ಅಂತ ಆರಿಸುವುದು ಪ್ರಜೆ.

ಇಲ್ಲಿ ಒಂದು ವಿಷಯ ಗಮನಿಸಿ. ಈ ಕಾನೂನು ಯಾವ ಪ್ರಜೆಗೂ ಎರಡು ಭಾಷೆ ಕಲೀರಿ ಅಂತ ಹೇಳೋದಿಲ್ಲ. ಜನ ಒಂದೇ ಭಾಷೆಯಲ್ಲಿ ನೆಮ್ಮದಿಯಾಗಿ ಇರಲಿ ಅಂತ ಕಚೇರಿ ಎರಡು ಭಾಷೆ ಕಲಿಯಬೇಕು. ಹೊರೆ ಕೌಂಟರಿನ ಈ ಕಡೆಯಿಂದ ಆ ಕಡೆಗೆ ಹೋಯಿತು. ಮುಂದೆ ನಾವು ಹೇಳುವ ಪರೀಕ್ಷೆ, ಗ್ರೇಡು, ಜಗಳ ಎಲ್ಲಕ್ಕೂ ಬೇರು ಇದೇ.

ಫ್ರೆಂಚಿನೊಳಗಿನ ಫ್ರೆಂಚುಗಳು

ಈಗ ಆ ಪ್ರಜೆ ಕೌಂಟರಿಗೆ ಬಂದು ಬಾಯಿ ತೆರೆದಾಗ ಬರುವ ಫ್ರೆಂಚ್ ಯಾವುದು ಅಂತ ನೋಡೋಣ.

ಫ್ರಾನ್ಸಿನವರು ಕೆನಡಾದಲ್ಲಿ ನೆಲೆ ಊರಿದ್ದು 1600ರ ದಶಕದ ಆರಂಭದಲ್ಲಿ. ಅಟ್ಲಾಂಟಿಕ್ ಕರಾವಳಿಯ ಪೋರ್ ರೊಯಾಲ್ 1605ರಲ್ಲಿ, ಕ್ವಿಬೆಕ್ ನಗರ 1608ರಲ್ಲಿ. ಕರಾವಳಿಗೆ ಹೋದವರಲ್ಲಿ ಬಹಳ ಮಂದಿ ಫ್ರಾನ್ಸಿನ ಪಶ್ಚಿಮ ಭಾಗದ ಹಳ್ಳಿಗರು. ಆ ಸೀಮೆಯ ಹೆಸರು ಅಕಾಡಿಯಾ. ಕ್ವಿಬೆಕ್ ಕಡೆ ಹೋದವರಲ್ಲಿ ನಾರ್ಮಂಡಿಯವರು, ಪ್ಯಾರಿಸ್ ಸುತ್ತಲಿನವರು ಹೆಚ್ಚು. 1663ರಿಂದ 1673ರವರೆಗೆ ರಾಜನೇ ಖರ್ಚು ಕೊಟ್ಟು ಎಂಟುನೂರರ ಹತ್ತಿರ ಯುವತಿಯರನ್ನು ಅಲ್ಲಿಗೆ ಕಳಿಸಿದ, ಅವರಲ್ಲಿ ಅನೇಕರು ಪ್ಯಾರಿಸ್ ಕಡೆಯವರು. ಹೀಗೆ ಎರಡು ವಲಸೆಗಳು ಎರಡು ಬಗೆಯ ಫ್ರೆಂಚನ್ನು ನೆಟ್ಟವು.

1763ರ ಪ್ಯಾರಿಸ್ ಒಪ್ಪಂದದಲ್ಲಿ ಈ ನೆಲ ಬ್ರಿಟಿಷರ ಕೈಗೆ ಹೋಯಿತು. ಫ್ರಾನ್ಸಿನ ಜೊತೆಗಿನ ನಂಟು ಬಹುಮಟ್ಟಿಗೆ ಕಡಿದುಹೋಯಿತು. ಆಮೇಲೆ ಫ್ರಾನ್ಸಿನಲ್ಲಿ ಕ್ರಾಂತಿ ಆಯಿತು, ಆಸ್ಥಾನದ ಉಚ್ಚಾರ ಹಿಂದೆ ಸರಿದು ಪ್ಯಾರಿಸ್ ಪೇಟೆಯ ಉಚ್ಚಾರ ಮೇಲೆ ಬಂತು. ಕೆನಡಾದವರಿಗೆ ಆ ಅಪ್ಡೇಟ್ ತಲುಪಲಿಲ್ಲ. 'ನಾನು' ಅನ್ನೋ ಅರ್ಥದ ಪದವನ್ನು ಇವತ್ತು ಪ್ಯಾರಿಸ್‌ನಲ್ಲಿ 'ಮ್ವಾ' ಅಂತಾರೆ, ಕ್ವಿಬೆಕ್‌ನ ಹಳಬರ ಆಡುಮಾತಿನಲ್ಲಿ ಅದು 'ಮ್ವೆ'. ಇದನ್ನು ಕೇಳಿ ಹಳ್ಳಿ ಭಾಷೆ ಅಂತ ನಗುವವರಿದ್ದಾರೆ. ಆದರೆ ಒಂದು ಕಾಲದಲ್ಲಿ ಫ್ರಾನ್ಸಿನ ಅರಮನೆಯಲ್ಲಿ ಸಲ್ಲುತ್ತಿದ್ದ ಉಚ್ಚಾರ ಅದೇ.

ಕ್ವಿಬೆಕ್ ಫ್ರೆಂಚಿನ ಗುರುತು ಹಿಡಿಯಲು ಒಂದು ಸುಲಭದ ದಾರಿ ಇದೆ. 'ಇ' ಅಥವಾ 'ಯೂ' ಸ್ವರದ ಮುಂದೆ 'ತ' ಬಂದರೆ ಅದು 'ತ್ಸ' ಆಗುತ್ತೆ, 'ದ' ಬಂದರೆ 'ದ್ಜ' ಆಗುತ್ತೆ. 'ನೀನು' ಅನ್ನೋ 'ತ್ಯೂ' ಅಲ್ಲಿ 'ತ್ಸ್ಯೂ'. ಮಂಗಳವಾರ 'ಮಾರ್ದಿ' ಅಲ್ಲಿ 'ಮಾರ್ದ್ಜಿ'. ಪ್ರಶ್ನೆ ಕೇಳುವ ರೀತಿಯೂ ಬೇರೆ. ಆಡುಮಾತಿನಲ್ಲಿ ಕ್ರಿಯಾಪದದ ಹಿಂದೆ ಒಂದು 'ತ್ಯೂ' ಅಂಟಿಸಿದರೆ ಮುಗೀತು, ವಾಕ್ಯ ಪ್ರಶ್ನೆ ಆಗುತ್ತೆ. ನಾವು 'ಬರ್ತೀಯ' ಅನ್ನೋದನ್ನು ಬಾಲ ಎಳೆದು 'ಬರ್ತೀಯಾ?' ಮಾಡುವ ಹಾಗೆ.

ಪದಗಳ ವಿಷಯಕ್ಕೆ ಬಂದರೆ ಇನ್ನೂ ಮಜಾ. ಕಾರಿಗೆ ಫ್ರಾನ್ಸಿನಲ್ಲಿ 'ವ್ವಾತ್ಯೂರ್', ಕ್ವಿಬೆಕ್ ಮಾತಿನಲ್ಲಿ 'ಶಾರ್'. 'ದೆಪನರ್' ಅಂದರೆ ಫ್ರಾನ್ಸಿನಲ್ಲಿ ರಿಪೇರಿಯವನು, ಕ್ವಿಬೆಕ್‌ನಲ್ಲಿ ಬೀದಿ ಮೂಲೆಯ ಅಂಗಡಿ. ಫ್ರಾನ್ಸಿನವರು ಆರಾಮಾಗಿ 'ಪಾರ್ಕಿಂಗ್', 'ವೀಕೆಂಡ್' ಅಂತಾರೆ. ಕ್ವಿಬೆಕ್‌ನವರಿಗೆ ಅದು 'ಸ್ತಾಸಿಯೊನ್ಮಾಂ' ಮತ್ತು 'ಫ್ಯಾನ್ ದ ಸ್ಮೆನ್'. ಪ್ಯಾರಿಸ್ ರಸ್ತೆಯ ಕೆಂಪು ಫಲಕದಲ್ಲಿ 'ಸ್ಟಾಪ್' ಅಂತ ಇರುತ್ತೆ, ಕ್ವಿಬೆಕ್‌ನ ಫಲಕದಲ್ಲಿ ಸಾಮಾನ್ಯವಾಗಿ 'ಆರೆ'. ಕೆಎಫ್‌ಸಿ ಕೂಡ ಕ್ವಿಬೆಕ್‌ಗೆ ಹೋದರೆ ಫ್ರೆಂಚ್ ಹೆಸರು ತಾಳಿ 'ಪಿಎಫ್‌ಕೆ' ಆಗುತ್ತೆ. ಇನ್ನು 'ಗೋಸ್' ಅಂತ ಒಂದು ಪದ ಇದೆ. ಫ್ರಾನ್ಸಿನಲ್ಲಿ ಅದಕ್ಕೆ ಮಕ್ಕಳು ಅಂತ ಅರ್ಥ. ಕ್ವಿಬೆಕ್‌ನಲ್ಲಿ ಏನರ್ಥ ಅಂತ ಈ ಪತ್ರಿಕೆಯಲ್ಲಿ ಬರೆಯುವ ಹಾಗಿಲ್ಲ. ಅಲ್ಲಿ ಯಾರಿಗೂ "ನಿಮ್ಮ ಗೋಸ್ ಹೇಗಿದ್ದಾರೆ?" ಅಂತ ಕೇಳಲು ಹೋಗಬೇಡಿ.

ಆಫೀಸಿನಲ್ಲಿ ನಿಜವಾಗಿ ಕಾಲು ಜಾರೋದು ಊಟದ ಪದಗಳಲ್ಲಿ. ಫ್ರಾನ್ಸಿನಲ್ಲಿ 'ದೆಜ್ಯೂನೆ' ಮಧ್ಯಾಹ್ನದ ಊಟ, 'ದಿನೆ' ರಾತ್ರಿಯದು. ಕ್ವಿಬೆಕ್‌ನಲ್ಲಿ 'ದೆಜ್ಯೂನೆ' ಬೆಳಗಿನ ತಿಂಡಿ, 'ದಿನೆ' ಮಧ್ಯಾಹ್ನದ ಊಟ, ರಾತ್ರಿಯದು 'ಸೂಪೆ'. 'ದಿನೆ ಆದ ಮೇಲೆ ಮೀಟಿಂಗ್' ಅಂತ ಮೇಲ್ ಬಂದರೆ ಪ್ಯಾರಿಸ್ ಫ್ರೆಂಚ್ ಕಲಿತವರಿಗೆ ಅದು ರಾತ್ರಿ ಒಂಬತ್ತು, ಕಳಿಸಿದವರಿಗೆ ಮಧ್ಯಾಹ್ನ ಒಂದೂವರೆ. ಹುಬ್ಬಳ್ಳಿಯ ರೂಮ್‌ಮೇಟ್ 'ನಾಷ್ಟಾ' ಅಂದದ್ದು ನಮಗೆ ಎರಡೇ ದಿನದಲ್ಲಿ ಅಭ್ಯಾಸ ಆಗುತ್ತೆ, ಯಾಕಂದ್ರೆ ಆ ಪದಕ್ಕೆ ನಮ್ಮಲ್ಲಿ ಬೇರೆ ಅರ್ಥ ಇಲ್ಲ. ಇಲ್ಲಿ ಪದ ಅದೇ, ಹೊತ್ತು ಬೇರೆ. ಅದೇ ಕಷ್ಟ.

ತಾಂತ್ರಿಕ ಪದಗಳಲ್ಲಿ ಕ್ವಿಬೆಕ್‌ನವರದ್ದು ಬೇರೆಯೇ ಹಠ. 1961ರಲ್ಲಿ ಶುರುವಾದ ಅವರ ಫ್ರೆಂಚ್ ಭಾಷಾ ಕಚೇರಿ ಹೊಸ ಪದಗಳನ್ನು ಕಟ್ಟುವ, ಬಳಕೆಗೆ ತರುವ ಕೆಲಸ ಮಾಡುತ್ತೆ. ಇ-ಮೇಲ್‌ಗೆ ಅಲ್ಲಿ 'ಕೂರಿಯೆಲ್'. ಚಾಟಿಂಗ್‌ಗೆ 'ಕ್ಲವರ್ದಾಜ್', ಅಂದರೆ ಕೀಬೋರ್ಡ್ ಅನ್ನೋ 'ಕ್ಲವಿಯೆ' ಮತ್ತು ಹರಟೆ ಅನ್ನೋ 'ಬವರ್ದಾಜ್' ಸೇರಿದ ಪದ. ಸ್ಪ್ಯಾಮ್ ಮೇಲ್‌ಗೆ 'ಪೂರಿಯೆಲ್', ಕಸದ ಬುಟ್ಟಿ ಮತ್ತು ಮೇಲ್ ಸೇರಿಸಿದ್ದು. 'ಕೂರಿಯೆಲ್' ಎಷ್ಟು ಚೆನ್ನಾಗಿ ಹಿಡಿಸಿತು ಅಂದರೆ ಫ್ರಾನ್ಸ್ ಕೂಡ ಅದನ್ನು ಅಧಿಕೃತ ಪದವಾಗಿ ತೆಗೆದುಕೊಂಡಿತು.

ಕ್ವಿಬೆಕ್ ಬಿಟ್ಟು ಪೂರ್ವಕ್ಕೆ, ಅಕಾಡಿಯಾ ಸೀಮೆಗೆ ಹೋದರೆ ಫ್ರೆಂಚ್ ಮತ್ತೆ ಬದಲಾಗುತ್ತೆ. 1755ರಿಂದ ಬ್ರಿಟಿಷರು ಅಕಾಡಿಯಾದ ಜನರನ್ನು ಹಡಗು ಹತ್ತಿಸಿ ಗಡಿಪಾರು ಮಾಡಿದರು. ಕೆಲವರು ಕಾಡು ಸೇರಿ ಉಳಿದರು, ಕೆಲವರು ವರ್ಷಗಳ ನಂತರ ಮರಳಿದರು, ಕೆಲವರು ಅಮೆರಿಕದ ಲೂಸಿಯಾನಾ ಸೇರಿದರು. ಅವರ ಮಾತಿನಲ್ಲಿ ಕ್ವಿಬೆಕ್‌ನ ಆ 'ತ್ಸ' ಸಾಮಾನ್ಯವಾಗಿ ಇಲ್ಲ. ಫ್ರಾನ್ಸ್ ಬಹಳ ಹಿಂದೆಯೇ ಬಿಟ್ಟ 'ಜ್ ಪಾರ್ಲೋಂ'ನಂಥ ಹಳೆಯ ಕ್ರಿಯಾರೂಪಗಳು ಕೆಲವು ಕಡೆ ಉಳಿದಿವೆ. ಮಾಂಕ್ಟನ್ ಸುತ್ತ ಯುವಕರು ಆಡುವ ಮಾತಿಗೆ 'ಶಿಯಾಕ್' ಅಂತ ಹೆಸರು. ಅದರಲ್ಲಿ ಇಂಗ್ಲಿಷ್ ಕ್ರಿಯಾಪದಕ್ಕೆ ಫ್ರೆಂಚ್ ಬಾಲ ಹಚ್ಚುತ್ತಾರೆ. ಪಾರ್ಕ್ ಮಾಡೋದು 'ಪಾರ್ಕೆ', ವಾಚ್ ಮಾಡೋದು 'ವಾಚೆ'. ಪಾರ್ಕ್ ಮಾಡ್ದೆ, ಸಬ್ಮಿಟ್ ಮಾಡ್ದೆ, ಅಡ್ಜಸ್ಟ್ ಮಾಡ್ಕೊ ಅನ್ನುವ ನಮಗೆ ಇದರ ವ್ಯಾಕರಣ ವಿವರಿಸಬೇಕಾಗಿಲ್ಲ. ಪಶ್ಚಿಮಕ್ಕೆ ಮ್ಯಾನಿಟೋಬಾ ಕಡೆ ಹೋದರೆ ಮೆತಿ ಜನರ 'ಮಿಶಿಫ್' ಇದೆ. ಅದರಲ್ಲಿ ನಾಮಪದಗಳು ಹೆಚ್ಚಾಗಿ ಫ್ರೆಂಚಿನವು, ಕ್ರಿಯಾಪದಗಳು ಕ್ರೀ ಎಂಬ ಮೂಲನಿವಾಸಿ ಭಾಷೆಯವು. ಅದನ್ನು ಫ್ರೆಂಚಿನ ಬಗೆ ಅನ್ನೋದಕ್ಕಿಂತ ಬೇರೆ ಭಾಷೆ ಅನ್ನೋದೇ ಸರಿ.

ಸಿ, ಬಿ, ಸಿ

ಈಗ ಸರ್ಕಾರದ ಕಡೆ ಬರೋಣ. ಕೆನಡಾದ ಕೇಂದ್ರ ಸರ್ಕಾರದಲ್ಲಿ ಭಾಷೆ ಬೇಕೋ ಬೇಡವೋ ಅಂತ ತೀರ್ಮಾನ ಆಗೋದು ಹುದ್ದೆಯ ಮೇಲೆ. ಪ್ರತಿ ಹುದ್ದೆಗೂ ಒಂದು ಹಣೆಪಟ್ಟಿ ಇರುತ್ತೆ: ಇಂಗ್ಲಿಷ್ ಅಗತ್ಯ, ಫ್ರೆಂಚ್ ಅಗತ್ಯ, ಎರಡರಲ್ಲಿ ಯಾವುದಾದರೂ ಒಂದು ಸಾಕು, ಅಥವಾ ದ್ವಿಭಾಷಿ. ಹತ್ತರಲ್ಲಿ ಸುಮಾರು ನಾಲ್ಕು ಹುದ್ದೆಗಳು ದ್ವಿಭಾಷಿ. ಇವು ರಾಜಧಾನಿ ಒಟ್ಟಾವಾ, ಅದರ ಎದುರು ದಡದ ಗಾತಿನೊ, ಮಾಂಟ್ರಿಯಲ್, ನ್ಯೂ ಬ್ರನ್ಸ್‌ವಿಕ್ ಕಡೆ ದಟ್ಟವಾಗಿವೆ. ದೂರದ ಪಶ್ಚಿಮದ ಪ್ರಾಂತ್ಯಗಳಲ್ಲಿ ಕಡಿಮೆ.

ದ್ವಿಭಾಷಿ ಹುದ್ದೆಯಲ್ಲೂ ಎರಡು ಬಗೆ. ಒಂದರಲ್ಲಿ ಸೇರುವ ದಿನವೇ ಭಾಷೆ ಬರಬೇಕು. ಇನ್ನೊಂದರಲ್ಲಿ ಎರಡು ವರ್ಷದೊಳಗೆ ಕಲೀತೀನಿ ಅಂತ ಒಪ್ಪಿ ಸೇರಬಹುದು, ಸರ್ಕಾರದ ಖರ್ಚಿನಲ್ಲೇ ತರಬೇತಿ.

ಎಷ್ಟು ಬರಬೇಕು ಅನ್ನೋದಕ್ಕೆ ಮೂರು ಅಕ್ಷರದ ಒಂದು ಕೋಡ್ ಇದೆ. ಮೊದಲನೆಯದು ಓದು, ಎರಡನೆಯದು ಬರಹ, ಮೂರನೆಯದು ಮಾತು. ಪ್ರತಿಯೊಂದಕ್ಕೂ ಎ, ಬಿ, ಸಿ ಅಂತ ಮಟ್ಟ. ನಮ್ಮ ಗ್ರೇಡಿಗೆ ಇದು ತಿರುಗುಮುರುಗು, ಇಲ್ಲಿ ಎ ಅಂದರೆ ಎಲ್ಲಕ್ಕಿಂತ ಕೆಳಗೆ. ಮಾತಿನಲ್ಲಿ ಎ ಅಂದರೆ ಸರಳ ಪ್ರಶ್ನೆಗೆ ಸರಳ ಉತ್ತರ, ಹೊರರಾಜ್ಯದ ಗೆಳೆಯರು ಬಳಕೆ ಕನ್ನಡ ಪೇಪರಿನಲ್ಲಿ ಮಾಡುವಷ್ಟು ಅಂದುಕೊಳ್ಳಿ. ಬಿ ಅಂದರೆ ಕೆಲಸದ ವಿಷಯವನ್ನು ಸ್ಪಷ್ಟವಾಗಿ ವಿವರಿಸಬಲ್ಲವರು. ಸಿ ಅಂದರೆ ವಾದ ಮಾಡಬೇಕು, ಅಭಿಪ್ರಾಯ ಸಮರ್ಥಿಸಿಕೊಳ್ಳಬೇಕು, 'ಒಂದು ವೇಳೆ ಹೀಗಾಗಿದ್ದರೆ' ಅನ್ನೋ ಥರದ ಪ್ರಶ್ನೆಗಳಿಗೂ ತಡವರಿಸದೆ ಉತ್ತರಿಸಬೇಕು. 'ಸಿಬಿಸಿ' ಅಂದರೆ ಓದು ಸಿ, ಬರಹ ಬಿ, ಮಾತು ಸಿ. ದ್ವಿಭಾಷಿ ಪ್ರದೇಶಗಳಲ್ಲಿ ಮೇಲ್ವಿಚಾರಕರ ದ್ವಿಭಾಷಿ ಹುದ್ದೆಗಳಿಗೆ ಹೊಸದಾಗಿ ಬರುವವರಿಗೆ 2025ರ ಜೂನ್‌ನಿಂದ ಈ ಸಿಬಿಸಿ ಕನಿಷ್ಠ ಮಟ್ಟ ಆಗಿದೆ. ಕೆಳಗಿನವರು ತಮ್ಮ ಭಾಷೆಯಲ್ಲಿ ಕೆಲಸ ಮಾಡಬೇಕಾದರೆ ಮೇಲಿನವರಿಗೆ ಆ ಭಾಷೆ ಗಟ್ಟಿಯಾಗಿ ಬರಬೇಕು ಅನ್ನೋದು ಇದರ ಹಿಂದಿನ ತರ್ಕ.

ಫಲಿತಾಂಶಕ್ಕೆ ಸಾಮಾನ್ಯವಾಗಿ ಐದು ವರ್ಷ ಆಯಸ್ಸು. ಇಷ್ಟೆಲ್ಲಾ ಮಾಡಿ ದ್ವಿಭಾಷಿ ಹುದ್ದೆಯಲ್ಲಿರುವವರಿಗೆ ಸಿಗುವ ಭತ್ಯೆ ವರ್ಷಕ್ಕೆ 800 ಡಾಲರ್. ತಿಂಗಳಿಗಲ್ಲ, ವರ್ಷಕ್ಕೆ. 1977ರಿಂದ ಈ ಮೊತ್ತ ಬದಲಾಗಿಲ್ಲ. ಅಂದರೆ ಹಣಕ್ಕೋಸ್ಕರ ಯಾರೂ ಕಲಿಯೋದಿಲ್ಲ, ಕಲಿಯೋದು ಪ್ರಮೋಷನ್‌ಗೋಸ್ಕರ.

ಪರೀಕ್ಷೆಗೂ ಕೌಂಟರಿಗೂ ನಡುವಿನ ಅಂತರ

ನಮ್ಮ ಎರಡು ಎಳೆಗಳು ಸೇರುವ ಗಂಟು ಇಲ್ಲಿದೆ. ಪರೀಕ್ಷೆ ಅಳೆಯುವುದು ಶಿಷ್ಟ ಫ್ರೆಂಚನ್ನು. ಸರ್ಕಾರದ ಕಡತಗಳೂ ಅದರಲ್ಲೇ. ಪದಗಳು ಒಂದೇ ಥರ ಇರಲಿ ಅಂತ ಸರ್ಕಾರದ ಅನುವಾದ ಇಲಾಖೆ 'ಟರ್ಮಿಯಂ ಪ್ಲಸ್' ಅನ್ನೋ ದೊಡ್ಡ ಪದಕೋಶವನ್ನೂ ನಡೆಸುತ್ತೆ, ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಬರಹದ ಮಟ್ಟಿಗೆ ಮಾಂಟ್ರಿಯಲ್‌ಗೂ ಪ್ಯಾರಿಸ್‌ಗೂ ದೊಡ್ಡ ವ್ಯತ್ಯಾಸ ಇಲ್ಲ. ವ್ಯತ್ಯಾಸ ಎಲ್ಲಾ ಮಾತಿನಲ್ಲಿ.

ಒಬ್ಬ ಅಧಿಕಾರಿ ಒಟ್ಟಾವಾದ ತರಗತಿಯಲ್ಲಿ ಕಲಿತು ಸಿ ತೆಗೆದುಕೊಂಡರು ಅಂದುಕೊಳ್ಳಿ. ಫೋನಿನ ಆ ಕಡೆ ಸಾಗ್ನೆ ಕಣಿವೆಯ ವಯಸ್ಸಾದ ರೈತ. ಪಿಂಚಣಿ ನಿಂತಿದೆ, ಸಿಟ್ಟಿನಲ್ಲಿದ್ದಾರೆ, ಪದಗಳನ್ನು ನುಂಗಿ ವೇಗವಾಗಿ ಮಾತಾಡುತ್ತಿದ್ದಾರೆ. ಕಾನೂನಿನ ಪ್ರಕಾರ ಶಿಷ್ಟ ಭಾಷೆಗೆ ಬದಲಾಗಬೇಕಾದ ಜವಾಬ್ದಾರಿ ಆ ರೈತರದ್ದಲ್ಲ. ಸ್ಕೋರ್ ಕಾರ್ಡಿನಲ್ಲಿ ಸಿ ಇದ್ದರೂ ಕಿವಿಗೆ ಮಾತು ದಕ್ಕದಿದ್ದರೆ, ಪಿಂಚಣಿ ಸಿಗೋದು ಮತ್ತೊಂದು ದಿನ ತಡ ಆಗುತ್ತೆ.

ಈ ಅಂತರಕ್ಕೆ ಇನ್ನೊಂದು ಮುಖ ಇದೆ. ಶಿಯಾಕ್ ಮಾತಾಡುವ ಅನೇಕರಿಗೆ ತಮ್ಮ ಫ್ರೆಂಚ್ 'ಸರಿಯಾದ' ಫ್ರೆಂಚ್ ಅಲ್ಲ ಅನ್ನೋ ಅಳುಕು. ಕೌಂಟರಿನಲ್ಲಿ "ಬೊಂಜೂರ್" ಕೇಳಿದರೂ, ಅಧಿಕಾರಿಯ ಪುಸ್ತಕದ ಫ್ರೆಂಚ್ ಎದುರು ತಮ್ಮದು ಹರಕು ಅನ್ನಿಸಿ ಇಂಗ್ಲಿಷಿಗೆ ಜಾರುತ್ತಾರೆ. ಭಾಷಾಶಾಸ್ತ್ರಜ್ಞರು ಇದನ್ನು ಭಾಷಿಕ ಅಭದ್ರತೆ ಅಂತಾರೆ. ಇದರ ಪರಿಣಾಮ ನೋಡಿ: ಫ್ರೆಂಚಿನಲ್ಲಿ ಕೇಳುವವರು ಕಡಿಮೆಯಾದರೆ ಬೇಡಿಕೆ ಇಲ್ಲ ಅನ್ನೋ ವಾದಕ್ಕೆ ಬಲ ಬರುತ್ತೆ. ಹಕ್ಕನ್ನು ಯಾರೂ ಕಿತ್ತುಕೊಳ್ಳಬೇಕಾಗಿಲ್ಲ, ಬಳಸುವವರು ನಾಚಿಕೊಂಡರೂ ಸಾಕು.

ಆಫೀಸಿನ ಒಳಗೂ ಹೀಗೇ. ಹತ್ತು ಜನರ ಮೀಟಿಂಗಿನಲ್ಲಿ ಒಬ್ಬರಿಗೆ ಫ್ರೆಂಚ್ ಸರಿಯಾಗಿ ಬಾರದಿದ್ದರೆ ಇಡೀ ಮೀಟಿಂಗ್ ಇಂಗ್ಲಿಷಿಗೆ ತಿರುಗುತ್ತೆ. ಸಂಸತ್ತಿಗೆ ವರದಿ ಒಪ್ಪಿಸುವ ಅಧಿಕೃತ ಭಾಷಾ ಆಯುಕ್ತರು ಈ ಮಾತನ್ನು ವರ್ಷಗಳಿಂದ ಹೇಳುತ್ತಲೇ ಇದ್ದಾರೆ. ಪಶ್ಚಿಮದ ಪ್ರಾಂತ್ಯದವರ ದೂರು ಇದಕ್ಕೆ ವಿರುದ್ಧ: ಫ್ರೆಂಚ್ ಕೇಳಿಸಿಕೊಳ್ಳಲೂ ಅವಕಾಶ ಇಲ್ಲದ ಊರಲ್ಲಿ ಬೆಳೆದ ನಮಗೆ ಮೇಲಿನ ಹುದ್ದೆಗಳ ಬಾಗಿಲು ಮುಚ್ಚಿದೆ ಅಂತ. ಎರಡೂ ದೂರಿನಲ್ಲಿ ಸತ್ಯ ಇದೆ.

ಗಾಳಿಯಲ್ಲಿ ಫ್ರೆಂಚ್

ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಿಳಿದಿರಲೇಬೇಕಾದ ಒಂದು ಪ್ರಕರಣ ಇದೆ. 1970ರ ದಶಕದಲ್ಲಿ ಕ್ವಿಬೆಕ್‌ನ ಪೈಲಟ್‌ಗಳು, ಕಂಟ್ರೋಲರ್‌ಗಳು ತಮ್ಮ ತಮ್ಮಲ್ಲಿ ಫ್ರೆಂಚಿನಲ್ಲಿ ಮಾತಾಡಲು ಅನುಮತಿ ಕೇಳಿದರು. ಇಬ್ಬರಿಗೂ ಫ್ರೆಂಚ್ ಮನೆಮಾತಾದರೂ ರೇಡಿಯೊದಲ್ಲಿ ಬಹುಮಟ್ಟಿಗೆ ಇಂಗ್ಲಿಷೇ ಕಡ್ಡಾಯ ಆಗಿತ್ತು. ಇಂಗ್ಲಿಷ್ ಕಡೆಯವರು, ಒಂದೇ ಆಕಾಶದಲ್ಲಿ ಎರಡು ಭಾಷೆ ಅಂದರೆ ಅಪಘಾತಕ್ಕೆ ಆಹ್ವಾನ ಅಂದರು. 1976ರ ಜೂನ್‌ನಲ್ಲಿ ಪೈಲಟ್‌ಗಳು ಮುಷ್ಕರ ಹೂಡಿದರು, ದೇಶದ ವಿಮಾನ ಸಂಚಾರ ದಿನಗಟ್ಟಲೆ ಅಸ್ತವ್ಯಸ್ತ ಆಯಿತು. ಭಾಷೆಯ ವಿಷಯಕ್ಕೇ ಸಚಿವ ಜಾನ್ ಮಾರ್ಶಾಂ ಸಂಪುಟದಿಂದ ಹೊರನಡೆದರು.

ಕೂಗಾಟದಲ್ಲಿ ಬಗೆಹರಿಯದ್ದನ್ನು ಕೊನೆಗೆ ಪ್ರಯೋಗ ಬಗೆಹರಿಸಿತು. ಮೂವರು ನ್ಯಾಯಾಧೀಶರ ಆಯೋಗ ರಚನೆಯಾಯಿತು, ಎರಡು ಭಾಷೆಯ ಸಂವಹನವನ್ನು ಸಿಮ್ಯುಲೇಟರಿನಲ್ಲಿ ಪರೀಕ್ಷಿಸಲಾಯಿತು. 1979ರಲ್ಲಿ ಬಂದ ಅಂತಿಮ ವರದಿ, ಎರಡು ಭಾಷೆ ಬಳಸಿದರೆ ಸುರಕ್ಷತೆಗೆ ಧಕ್ಕೆ ಇಲ್ಲ ಅಂತ ಒಮ್ಮತದಿಂದ ಹೇಳಿತು. ಸರ್ಕಾರ ಒಪ್ಪಿತು. "ಟೆಕ್ನಿಕಲ್ ಕೆಲಸ ನಮ್ಮ ಭಾಷೆಯಲ್ಲಿ ಆಗಲ್ಲ" ಅನ್ನೋ ಮಾತು ಯಾರಾದರೂ ಆಡಿದಾಗ, ಅದು ಅಳೆದು ಹೇಳಿದ್ದೋ ಊಹಿಸಿ ಹೇಳಿದ್ದೋ ಅಂತ ಕೇಳಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಮಗೆ ಸಿಕ್ಕಿಲ್ಲ.

ನಾಲ್ಕು ಭಾಷೆ ಬಂದರೂ 'ಏಕಭಾಷಿ'

'ದ್ವಿಭಾಷಿ' ಅನ್ನೋ ಪದದ ಗಂಟು ಇನ್ನೂ ಉಳಿದಿದೆ. ನಮ್ಮಲ್ಲಿ ಬಹಳ ಜನಕ್ಕೆ ಕನ್ನಡ, ತೆಲುಗು, ಹಿಂದಿ, ಇಂಗ್ಲಿಷ್ ನಾಲ್ಕೂ ಬರುತ್ತೆ. ಕೆನಡಾ ಸರ್ಕಾರದ ಹುದ್ದೆಯ ಭಾಷೆಯಲ್ಲಿ ನಾವು ದ್ವಿಭಾಷಿಗಳಲ್ಲ. ಅಲ್ಲಿ ಲೆಕ್ಕಕ್ಕೆ ಬರೋದು ಎರಡೇ. ಅರ್ಜಿಯಲ್ಲಿ ಅವೆರಡರಲ್ಲಿ ಒಂದನ್ನು 'ಮೊದಲ ಅಧಿಕೃತ ಭಾಷೆ' ಅಂತ ಆರಿಸಬೇಕು, ಪರೀಕ್ಷೆ ಇನ್ನೊಂದರಲ್ಲಿ.

ಇದು ವಲಸಿಗರ ಸಮಸ್ಯೆ ಮಾತ್ರ ಅಲ್ಲ. 2021ರಲ್ಲಿ ಮೇರಿ ಸೈಮನ್ ಕೆನಡಾದ ಗವರ್ನರ್ ಜನರಲ್ ಆದರು, ಆ ಸ್ಥಾನಕ್ಕೆ ಬಂದ ಮೊದಲ ಮೂಲನಿವಾಸಿ. ಹುಟ್ಟಿದ್ದು ಕ್ವಿಬೆಕ್‌ನ ಉತ್ತರ ಭಾಗದಲ್ಲಿ. ಇನುಕ್ಟಿಟುಟ್ ಮತ್ತು ಇಂಗ್ಲಿಷ್ ಎರಡೂ ನಿರರ್ಗಳ, ಫ್ರೆಂಚ್ ಬರುತ್ತಿರಲಿಲ್ಲ. ದೊಡ್ಡ ಗದ್ದಲ ಆಯಿತು, ಭಾಷಾ ಆಯುಕ್ತರಿಗೆ ರಾಶಿ ದೂರು ಹೋದವು. ತಾವು ಓದಿದ ಸರ್ಕಾರಿ ಶಾಲೆಯಲ್ಲಿ ಫ್ರೆಂಚ್ ಕಲಿಯುವ ಅವಕಾಶವೇ ಇರಲಿಲ್ಲ ಅಂತ ಅವರು ವಿವರಿಸಿದರು, ಕಲಿಯುತ್ತೇನೆ ಅಂತಲೂ ಹೇಳಿದರು. ಇಂಗ್ಲಿಷ್, ಫ್ರೆಂಚ್ ಎರಡಕ್ಕೂ ಮುಂಚಿನಿಂದ ಆ ನೆಲದಲ್ಲಿರುವ ಭಾಷೆ ಆಡುವವರು, ಆ ನೆಲದ ಲೆಕ್ಕದಲ್ಲಿ ದ್ವಿಭಾಷಿ ಅಲ್ಲ. ಫ್ರೆಂಚರ ಹೊರೆ ಇಳಿಸಿದ ಕಾನೂನು ಇನುಯಿಟ್ ಜನರ ಹೊರೆ ಇಳಿಸಿಲ್ಲ.

ಕ್ಲಾಸಿಗೆ ಸೇರುವವರಿಗೆ

ನಿಜವಾಗಲೂ ಹೋಗುವ ಯೋಚನೆ ಇರುವ ಗೆಳೆಯರಿಗೆ ನಾಲ್ಕು ಮಾತು.

ಮೊದಲನೆಯದು, ಪರೀಕ್ಷೆಗಳನ್ನು ಕಲಸಿಕೊಳ್ಳಬೇಡಿ. ಪಿಆರ್‌ಗೆ ಬೇಕಾದದ್ದು 'ಟೆಫ್ ಕೆನಡಾ' ಅಥವಾ 'ಟಿಸಿಎಫ್ ಕೆನಡಾ'. ಹೆಸರಲ್ಲಿ ಕೆನಡಾ ಇದ್ದರೂ ಎರಡನ್ನೂ ರೂಪಿಸುವುದು ಫ್ರಾನ್ಸಿನ ಸಂಸ್ಥೆಗಳು. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ನಾಲ್ಕೂ ಕೌಶಲದಲ್ಲಿ 7ನೇ ಮಟ್ಟ ಬಂದು, ಇಂಗ್ಲಿಷ್ ಕೂಡ ಚೆನ್ನಾಗಿದ್ದರೆ 50 ಹೆಚ್ಚುವರಿ ಪಾಯಿಂಟ್ಸ್ ಸಿಗುತ್ತೆ. 2023ರಿಂದ ಫ್ರೆಂಚ್ ಬಲ್ಲವರಿಗೆ ಪ್ರತ್ಯೇಕ ಸುತ್ತುಗಳೂ ನಡೆಯುತ್ತಿವೆ. ಸರ್ಕಾರಿ ಹುದ್ದೆಯ ಎ-ಬಿ-ಸಿ ಪರೀಕ್ಷೆ ಬೇರೆ, ಅದು ಅಲ್ಲಿನ ಪಬ್ಲಿಕ್ ಸರ್ವಿಸ್ ಕಮಿಷನ್‌ನದ್ದು. 2021ರ ತಿದ್ದುಪಡಿಯ ನಂತರ ಪಿಆರ್ ಇರುವವರಿಗೂ ನೇಮಕಾತಿಯಲ್ಲಿ ಪೌರರ ಸಮಾನ ಆದ್ಯತೆ ಇದೆ. ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ವರ್ಷದ ನಿಯಮವನ್ನೇ ನೋಡಿ.

ಎರಡನೆಯದು, ಕ್ವಿಬೆಕ್‌ನಲ್ಲಿ ಎಂಜಿನಿಯರ್ ಆಗಬೇಕಾದರೆ ಖಾಸಗಿ ಕೆಲಸಕ್ಕೂ ಫ್ರೆಂಚ್ ಬೇಕು. 1977ರ ಫ್ರೆಂಚ್ ಭಾಷಾ ಸನ್ನದಿನ 35ನೇ ಕಲಮಿನ ಪ್ರಕಾರ, ವೃತ್ತಿಗೆ ತಕ್ಕಷ್ಟು ಫ್ರೆಂಚ್ ಇಲ್ಲದವರಿಗೆ ಅಲ್ಲಿನ ಎಂಜಿನಿಯರುಗಳ ಮಂಡಳಿ ಪೂರ್ಣ ಪರವಾನಗಿ ಕೊಡುವಂತಿಲ್ಲ. ಕಲಿಯುವವರೆಗೆ ತಾತ್ಕಾಲಿಕ ಪರವಾನಗಿ ಮಾತ್ರ.

ಮೂರನೆಯದು, ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲೋ ಬೇರೆ ಕಡೆಯೋ ಕಲಿಯುವ ಫ್ರೆಂಚ್ ಮುಖ್ಯವಾಗಿ ಫ್ರಾನ್ಸಿನದು. ಬುನಾದಿಗೆ ಅದು ಒಳ್ಳೆಯದೇ. ಬಿ-1 ದಾಟಿದ ಮೇಲೆ ಕ್ವಿಬೆಕ್‌ನ ರೇಡಿಯೊ ಕೇಳಲು ಶುರು ಮಾಡಿ. 'ರಾಡಿಯೊ ಕಾನಾದಾ'ದ ಸುದ್ದಿ ನಿಧಾನವಾಗಿ ಅರ್ಥ ಆಗುತ್ತೆ, ಹರಟೆ ಕಾರ್ಯಕ್ರಮ ಶುರುವಿನಲ್ಲಿ ಏನೂ ಅರ್ಥ ಆಗಲ್ಲ. ಆ ಹರಟೆಯೇ ನಿಮ್ಮ ನಿಜವಾದ ಸಿಲಬಸ್.

ನಾಲ್ಕನೆಯದು, ಅಲ್ಲಿನ ಉಚ್ಚಾರ ಕೇಳಿ "ಇದು ಸರಿಯಾದ ಫ್ರೆಂಚ್ ಅಲ್ಲ" ಅಂತ ನಗಬೇಡಿ. ಪ್ಯಾರಿಸ್‌ನವರು ಆ ಮಾತನ್ನು ಅವರಿಗೆ ಬೇಕಾದಷ್ಟು ಸಲ ಹೇಳಿದ್ದಾರೆ. ಕೌಂಟರಿನ ಹಿಂದೆ ಕೂರುವ ದಿನ ನಿಮಗೆ ಬಂದರೆ, ಎದುರಿಗಿರುವವರು ಯಾವ ಊರಿನ ಫ್ರೆಂಚ್ ಆಡಿದರೂ ಅರ್ಥ ಮಾಡಿಕೊಳ್ಳುವುದಕ್ಕೇ ನಿಮಗೆ ಸಂಬಳ.

ಮುಂದಿನ ಸಂಚಿಕೆಯಲ್ಲಿ ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡ್. ಫ್ರಾನ್ಸಿನವರು 99 ಅನ್ನೋಕೆ 'ನಾಲ್ಕು ಇಪ್ಪತ್ತು ಹತ್ತೊಂಬತ್ತು' ಅಂತ ಲೆಕ್ಕ ಹಾಕುವಾಗ, ಅಲ್ಲಿನವರು ನೆಟ್ಟಗೆ 'ತೊಂಬತ್ತೊಂಬತ್ತು' ಅಂತಾರೆ. ಅದೂ ಫ್ರೆಂಚೇ.